ಮುಚ್ಚಿದ ಕಣ್ಣಿಗೇ ಹನಿ: ಮಕ್ಕಳಿಗೆ ಆಂಟಿಬಯೋಟಿಕ್ ಡ್ರಾಪ್ಸ್ ಹಾಕಿದ ನನ್ನ ಅನುಭವ

ಮುಚ್ಚಿದ ರೆಪ್ಪೆಯ ಮೇಲೆ ಹನಿ ಬಿಟ್ಟರೆ ಔಷಧಿ ಒಳಗೆ ಹೋಗುವುದಿಲ್ಲ ಎಂದವರೇ ಹೆಚ್ಚು. ಹೋಗುತ್ತದೆ. ಇಬ್ಬರು ಕೈಕಾಲು ಹಿಡಿದು, ರೆಪ್ಪೆ ಬಿಡಿಸಿ ಹಾಕುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ.

ಮಗುವನ್ನು ದಿಂಬಿಲ್ಲದೆ ಅಂಗಾತ ಮಲಗಿಸಿ. ಮೂಗು ನೆಟ್ಟಗೆ ಸೂರು ನೋಡುತ್ತಿರಬೇಕು. ತಲೆ ತುಸು ವಾಲಿದರೂ ಹನಿ ಕಿವಿ ಕಡೆ ಹರಿಯುತ್ತದೆ. ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯ ಕುಳಿಗೆ ಒಂದೇ ಹನಿ ಬಿಡಿ. ಬಾಟಲಿಯ ತುದಿ ಎಲ್ಲೂ ತಾಗಬಾರದು. ಆಮೇಲೆ ಕಣ್ಣು ತೆರೆಯಲು ಹೇಳಿ. ಒಪ್ಪದಿದ್ದರೆ ಕೆಳರೆಪ್ಪೆಯನ್ನು ಕೊಂಚ ಕೆಳಗೆಳೆದರೆ ಸಾಕು, ಹನಿ ತಾನೇ ಇಳಿಯುತ್ತದೆ. ಮತ್ತೆ ಮುಚ್ಚಿಸಿ, ಆ ಮೂಲೆಯನ್ನು ಒಂದು ನಿಮಿಷ ಮೆಲ್ಲಗೆ ಒತ್ತಿಹಿಡಿದರೆ ಗಂಟಲು ಕಹಿಯಾಗದು.

ಮೊದಮೊದಲು ಕೆಡಿಸಿದ್ದು ಗೀಜು. ಒಣಗಿ ಅಂಟಿದ ಗೀಜಿನ ಮೇಲೆ ಬಿದ್ದ ಹನಿ ಅಲ್ಲೇ ಹೀರಿಹೋಗುತ್ತದೆ. ಕುದಿಸಿ ಆರಿಸಿದ ನೀರಲ್ಲಿ ಅದ್ದಿದ ಹತ್ತಿಯಿಂದ ಮೂಗಿನ ಕಡೆಯಿಂದ ಹೊರಕ್ಕೆ ಒರೆಸಬೇಕು. ಒಂದು ಹತ್ತಿಗೆ ಒಂದೇ ಸಲ, ಇನ್ನೊಂದು ಕಣ್ಣಿಗೆ ಬೇರೆ ಹತ್ತಿ. ಎರಡನೆಯದು ಸೆರಗು. ಹನಿ ಬಿದ್ದ ಕೂಡಲೇ ತಾಯಂದಿರು ಸೆರಗಿನಿಂದ ಒರೆಸಿಬಿಡುತ್ತಾರೆ, ಔಷಧಿ ಬಟ್ಟೆಗೆ ಹೋಗುತ್ತದೆ.

ನಂಬದವರಿಗೆ ಒಂದು ಪರೀಕ್ಷೆ ತೋರಿಸಿದೆ. ಕಣ್ಣಿನ ಪರೀಕ್ಷೆಗೆ ಬಳಸುವ ಫ್ಲೋರೆಸೀನ್ ಬಣ್ಣದ ಕಾಗದದ ಪಟ್ಟಿಯನ್ನು ಸಲೈನಿನಲ್ಲಿ ನೆನೆಸಿ, ಆ ಹನಿಯನ್ನು ದೊಡ್ಡವರೊಬ್ಬರ ಮುಚ್ಚಿದ ಕಣ್ಣಿನ ಮೂಲೆಗೆ ಬಿಟ್ಟು, ಕಣ್ಣು ತೆರೆಸಿ ನೀಲಿ ಬೆಳಕಲ್ಲಿ ನೋಡಿದರೆ ಬಿಳಿಗುಡ್ಡೆಯ ಮೇಲೆಲ್ಲ ಹಸಿರು. ವಾದ ಅಲ್ಲಿಗೆ ಮುಗಿಯಿತು.

ಇನ್ನು ದುಡ್ಡು. ಹಳೇ ಬಾಟಲಿಗಳಿಂದ ಸಿರಿಂಜಿಗೆ ಹನಿಸಿ ಎಣಿಸಿದಾಗ ಒಂದು ಎಂಎಲ್‌ಗೆ ಸುಮಾರು 25 ಹನಿ ಬಂತು, ಕಂಪನಿಗೊಂದು ಲೆಕ್ಕ. ಮಾಕ್ಸಿಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್‌ನ 5 ಎಂಎಲ್ ಬಾಟಲಿಯಲ್ಲಿ ನೂರರ ಮೇಲೆಯೇ ಇರುತ್ತದೆ. ಎರಡೂ ಕಣ್ಣಿಗೆ ದಿನಕ್ಕೆ ಮೂರು ಸಲ, ಏಳು ದಿನ: 42 ಹನಿ. ನಾಲ್ಕೇ ದಿನಕ್ಕೆ ಬಾಟಲಿ ಖಾಲಿ ಎಂದವರ ಔಷಧಿ ಕೆನ್ನೆಗೆ ಹೋಗಿದೆ. ಎರಡೆರಡು ಹನಿ ಹಾಕಿದರೂ ಲಾಭವಿಲ್ಲ, ಒಂದಕ್ಕೇ ಕಣ್ಣು ತುಂಬಿ ಚೆಲ್ಲುತ್ತದೆ. ಎರಡು ಬಗೆ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ, ಮುಲಾಮು ಕೊನೆಗೆ.

ಫ್ರಿಜ್ಜಿನ ಬಾಟಲಿಯನ್ನೂ ನೋಡಿದೆ. ವಯಸ್ಸಾದವರಿಗೆ ಹನಿ ಬಿದ್ದದ್ದು ತಣ್ಣಗೆ ಗೊತ್ತಾಗುತ್ತದೆ. ಮಕ್ಕಳು ಬೆಚ್ಚಿ ಕಣ್ಣು ಬಿಗಿಹಿಡಿಯುತ್ತಾರೆ. ಮಕ್ಕಳಿಗಾದರೆ ಮುಷ್ಟಿಯಲ್ಲಿ ಒಂದೆರಡು ನಿಮಿಷ ಬೆಚ್ಚಗೆ ಮಾಡಿ. 

ಬರೀ ನೀರು ಸುರಿಯುವ ಕೆಂಗಣ್ಣು ಬಹುಪಾಲು ಅಡಿನೋವೈರಸ್‌ನದು, ಈ ಡ್ರಾಪ್ಸ್ ಅದಕ್ಕೆ ತಾಗದು. ಅಂಗಡಿಯವರು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಸೇರಿದ ಬಾಟಲಿ ಕೊಟ್ಟರೆ ವಾಪಸ್ ಮಾಡಿ. ಕರಿಗುಡ್ಡೆಯಲ್ಲಿ ಹರ್ಪೀಸ್ ವೈರಸ್ ಅಥವಾ ಫಂಗಸ್ ಇದ್ದರೆ ಸ್ಟೀರಾಯ್ಡ್ ಅದನ್ನು ಬೆಳೆಸುತ್ತದೆ. ನೋವು, ಮಂಜಾಗಿ ಕಾಣುವುದು, ಬೆಳಕು ಸಹಿಸದಿರುವುದು, ಕಾಂಟ್ಯಾಕ್ಟ್ ಲೆನ್ಸ್, ನವಜಾತ ಶಿಶು: ಇವೆಲ್ಲ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಾದವು.

ಬಾಟಲಿ ತೆರೆದ ತಾರೀಖನ್ನು ಪ್ಲಾಸ್ಟರ್ ಮೇಲೆ ಬರೆದು ಅಂಟಿಸಿ. 28 ದಿನ ದಾಟಿದರೆ ಅರ್ಧ ಉಳಿದಿದ್ದರೂ ಎಸೆಯಿರಿ, ತಮ್ಮನ ಕಣ್ಣಿಗೆ ಎತ್ತಿಡಬೇಡಿ.