ಹಾಯಿದೋಣಿಗೆ ವಿಂಡ್ ವೇನ್ ಆರಿಸುವಾಗ

ವಿಂಡ್ ವೇನ್ ಎಂದರೆ ಗಾಳಿಯ ದಿಕ್ಕನ್ನು ಹಿಡಿದು ದೋಣಿಯನ್ನು ತಾನೇ ದಾರಿಯಲ್ಲಿ ನಡೆಸುವ ಸಾಧನ. ಮೊದಲು ನಿಮ್ಮ ಚುಕ್ಕಾಣಿಯನ್ನು ಪರೀಕ್ಷಿಸಿ. ದೋಣಿ ಕಟ್ಟಿನಿಂತಿರುವಾಗ ವೀಲ್ ಅಥವಾ ಟಿಲ್ಲರನ್ನು (ಚುಕ್ಕಾಣಿ ತಿರುಗಿಸುವ ಕೋಲು) ಒಂದೇ ಬೆರಳಲ್ಲಿ ಆ ತುದಿಯಿಂದ ಈ ತುದಿಗೆ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಸರ್ವೋ-ಪೆಂಡುಲಮ್ ಬಗೆ (ನೀರಿನಲ್ಲಿ ತೂಗುವ ಹುಟ್ಟಿನ ಬಲದಿಂದ ಚುಕ್ಕಾಣಿ ಎಳೆಯುವ ವೇನ್) ಒಗ್ಗುತ್ತದೆ. ನಡುವೆ ಹಿಡಿದುಕೊಂಡರೆ ಬೇರಿಂಗೋ ಕೇಬಲ್ಲೋ ಬಿಗಿದಿದೆ ಎಂದರ್ಥ. ಅದನ್ನು ಸರಿಪಡಿಸದೆ ಈ ಬಗೆಯ ವೇನ್ ಹಾಕಿದರೆ ದೋಣಿ ಅಂಕುಡೊಂಕಾಗಿ ಸಾಗುತ್ತದೆ.

ಮಾನಿಟರ್, ಏರೀಸ್, ಕೇಪ್ ಹಾರ್ನ್ ಎಂಬ ಹೆಸರಿನ ವೇನ್‌ಗಳು ಸರ್ವೋ-ಪೆಂಡುಲಮ್ ಜಾತಿಯವು. ದೋಣಿ ದಾರಿ ತಪ್ಪಿದಾಗ ಗಾಳಿ ತೆಳು ಪ್ಲೈವುಡ್ ಹಾಳೆಯನ್ನು ಪಕ್ಕಕ್ಕೆ ಬಾಗಿಸುತ್ತದೆ. ಆ ಬಾಗು ನೀರಿನಲ್ಲಿರುವ ಹುಟ್ಟನ್ನು ಸ್ವಲ್ಪ ತಿರುಚುತ್ತದೆ. ಹರಿಯುವ ನೀರು ಹುಟ್ಟನ್ನು ಬದಿಗೆ ತಳ್ಳುತ್ತದೆ. ಹುಟ್ಟಿಗೆ ಕಟ್ಟಿದ ಹಗ್ಗಗಳು ಚುಕ್ಕಾಣಿಯನ್ನು ಎಳೆಯುತ್ತವೆ. ಗಾಳಿಯದು ಸನ್ನೆ ಮಾತ್ರ, ಬಲವೆಲ್ಲ ನೀರಿನದು. ಹಾಗಾಗಿ ದೋಣಿಯ ವೇಗ ಏರಿದಷ್ಟೂ ಇದರ ಶಕ್ತಿ ಏರುತ್ತದೆ. ಹಿಂದಿನಿಂದ ಮಂದ ಗಾಳಿ ಬೀಸುವಾಗಲೇ ಇದಕ್ಕೆ ಕಷ್ಟ: ಹಾಳೆಗೆ ತಾಗುವ ಗಾಳಿಯೇ ಉಳಿದಿರುವುದಿಲ್ಲ.

ಹೈಡ್ರಾಲಿಕ್ ಸ್ಟೀರಿಂಗ್ (ಎಣ್ಣೆಯ ಒತ್ತಡದಿಂದ ಚುಕ್ಕಾಣಿ ತಿರುಗಿಸುವ ವ್ಯವಸ್ಥೆ) ಇದ್ದವರು ಈ ಬಗೆಯ ಆಸೆ ಬಿಡುವುದು ಒಳ್ಳೆಯದು. ಅದರ ಪ್ರತಿರೋಧ ಹೆಚ್ಚು, ಎಣ್ಣೆ ಜಾರುವುದರಿಂದ ವೀಲ್ ಮತ್ತು ಚುಕ್ಕಾಣಿಯ ಹೊಂದಾಣಿಕೆಯೂ ನಿಧಾನವಾಗಿ ತಪ್ಪುತ್ತದೆ. ಅಂಥವರಿಗೆ ಹೈಡ್ರೋವೇನ್‌ನಂತೆ ತನ್ನದೇ ಪ್ರತ್ಯೇಕ ಚುಕ್ಕಾಣಿ ಇರುವ ವೇನ್ ಸರಿ. ಮುಖ್ಯ ಚುಕ್ಕಾಣಿಯನ್ನು ಸಮತೋಲದ ಕೋನದಲ್ಲಿ ಕಟ್ಟಿಹಾಕಿದರೆ ಉಳಿದದ್ದನ್ನು ಅದು ನೋಡಿಕೊಳ್ಳುತ್ತದೆ. ಮುಖ್ಯ ಚುಕ್ಕಾಣಿ ಮುರಿದ ದಿನ ಇದೇ ಆಪದ್ಬಾಂಧವ. ಆದರೆ ದೊಡ್ಡ, ಭಾರದ ದೋಣಿಯನ್ನು ತಿದ್ದುವ ಬಲ ಇದಕ್ಕೆ ಕಡಿಮೆ.

ಇನ್ನು ಹಿಂಬದಿಯ ಜಾಗ. ಹಾಳೆಯ ಸುತ್ತ ಸೋಲಾರ್ ಫಲಕ, ನೇತುಹಾಕಿದ ಚಿಕ್ಕ ದೋಣಿ ಇದ್ದರೆ ಗಾಳಿ ಕಲಕಿ ಬರುತ್ತದೆ. ಬೋಲ್ಟ್ ಹಾಕುವ ಕಡೆ ಒಳಗಿನಿಂದ ಕೈ ತಲುಪಬೇಕು, ಅಗಲವಾದ ಬೆಂಬಲ ಫಲಕಕ್ಕೆ ಜಾಗವಿರಬೇಕು.

ಅಳವಡಿಸುವಾಗ ಹೆಚ್ಚು ಎಡವುವುದು ಹಗ್ಗಗಳಲ್ಲಿ. ಹುಟ್ಟು ಪೂರ್ತಿ ತೂಗಿದರೂ ಸಾಮಾನ್ಯವಾಗಿ ಎಳೆಯುವುದು ಸುಮಾರು 25 ಸೆಂ.ಮೀ. ಹಗ್ಗ ಮಾತ್ರ. ಅದರಲ್ಲಿ 5 ಸೆಂ.ಮೀ. ಸಡಿಲವಿದ್ದರೆ ಐದನೇ ಒಂದು ಭಾಗ ಸುಮ್ಮನೆ ಹೋಯಿತು. ಹಿಗ್ಗದ 6–8 ಮಿ.ಮೀ. ಹಗ್ಗ, ಬಾಲ್ ಬೇರಿಂಗ್ ರಾಟೆ ಬಳಸಿ; ರಾಟೆಗಳು ಆದಷ್ಟು ಕಡಿಮೆಯಿರಲಿ. ಟಿಲ್ಲರ್ ಇದ್ದರೆ ಕೆಲಸ ಸುಲಭ: ಹಗ್ಗದ ನಡುವೆ ಒಂದು ತುಂಡು ಸರಪಳಿ ಸೇರಿಸಿ ಟಿಲ್ಲರ್‌ಗೆ ಸಿಕ್ಕಿಸಿದರೆ ಕೊಂಡಿ ಬದಲಿಸಿ ಸಮತೋಲ ತಿದ್ದಬಹುದು.

ಹಾಳೆಯ ಎದುರುಭಾರವನ್ನು ಗಾಳಿಯಿಲ್ಲದ ಕಡೆ ಹೊಂದಿಸಿ. ಬಾಗಿಸಿ ಬಿಟ್ಟಾಗ ಹಾಳೆ ನಿಧಾನವಾಗಿ ತಾನೇ ಎದ್ದು ನಿಲ್ಲಬೇಕು. ಬೇಗ ಎದ್ದರೆ ಎದುರುಭಾರ ಜಾಸ್ತಿಯಾಗಿದೆ, ಮಂದ ಗಾಳಿಗೆ ಅದು ಬಾಗುವುದಿಲ್ಲ. ಪ್ಲಾಸ್ಟಿಕ್ ಬೇರಿಂಗ್‌ಗಳಿಗೆ ಗ್ರೀಸ್ ಹಚ್ಚಬೇಡಿ, ಉಪ್ಪು ಅಂಟಿ ಗಟ್ಟಿಯಾಗುತ್ತದೆ. ಸಿಹಿನೀರಲ್ಲಿ ತೊಳೆದರೆ ಸಾಕು.

ದೋಣಿ ಒಂದೇ ಸಮನೆ ಗಾಳಿಯ ಕಡೆ ಮೂಗು ತಿರುಗಿಸುತ್ತಿದ್ದರೆ ವೇನನ್ನು ದೂರಬೇಡಿ. ಮುಖ್ಯ ಹಾಯಿಯನ್ನು ಒಂದು ಹಂತ ಕಿರಿದಾಗಿಸಿ, ಬಹುಪಾಲು ಸರಿಹೋಗುತ್ತದೆ.

ಎಂಜಿನ್ ಹಾಕಿ ಹಿಂದಕ್ಕೆ ಚಲಿಸುವ ಮುನ್ನ ಹುಟ್ಟನ್ನು ತಪ್ಪದೆ ಮೇಲೆತ್ತಿ. ಕೆಲವು ವೇನ್‌ಗಳಲ್ಲಿ ಹುಟ್ಟಿನ ಮೇಲೆ ಬೇಕೆಂದೇ ದುರ್ಬಲವಾಗಿಸಿದ ಕೊಳವೆ ಇರುತ್ತದೆ. ದಿಮ್ಮಿ ಬಡಿದಾಗ ಅದು ಮುರಿದು ಉಳಿದದ್ದನ್ನು ಕಾಯುತ್ತದೆ. ಅಂಥ ಕೊಳವೆ ಬಿಡಿಯಾಗಿ ಎರಡು ಇಟ್ಟುಕೊಳ್ಳಿ, ಹುಟ್ಟನ್ನು ಹಗ್ಗದಿಂದ ದೋಣಿಗೆ ಕಟ್ಟಿರಿ. ಇಲ್ಲದಿದ್ದರೆ ಹುಟ್ಟು ಸಮುದ್ರದ ಪಾಲು.