ಬೆಂಡಿಗೋಗೆ ಬಂದಿದ್ದೀರಾ? ಪ್ರತಿ ಶನಿವಾರ ಮೆಲ್ಬರ್ನ್‌ಗೆ ಓಡಬೇಡಿ

491 ವೀಸಾದಲ್ಲಿ, ಅಂದರೆ ದೊಡ್ಡ ನಗರಗಳ ಆಚೆ ನೆಲೆಸಿ ಕೆಲಸ ಮಾಡಲು ಕೊಡುವ ವೀಸಾದಲ್ಲಿ, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಬೆಂಡಿಗೋ ಕಡೆ ಬರುವ ನಮ್ಮವರು ಮೊದಲ ವರ್ಷ ಸಾಮಾನ್ಯವಾಗಿ ಒಂದು ಅಭ್ಯಾಸ ಮಾಡಿಕೊಳ್ಳುತ್ತಾರೆ. ಶುಕ್ರವಾರ ಸಂಜೆಯಾದರೆ ಸಾಕು, 150 ಕಿಲೋಮೀಟರ್ ದೂರದ ಮೆಲ್ಬರ್ನ್‌ಗೆ ಹೊರಟುಬಿಡುತ್ತಾರೆ. ದಿನಸಿಗೆ, ದೇವಸ್ಥಾನಕ್ಕೆ, ನೆಂಟರ ಮನೆಗೆ. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಪ್ರತಿ ವಾರವೂ ಹೋದರೆ ಈ ಊರು ನಿಮಗೆ ಬರೀ ಕೆಲಸ ಮತ್ತು ಬಾಡಿಗೆ ಮನೆಯಾಗಿಯೇ ಉಳಿಯುತ್ತದೆ. ಇಲ್ಲಿನ ಖುಷಿಗಳಿಗೆ ಅವುಗಳದೇ ಹೊತ್ತು, ಅವುಗಳದೇ ತಿಂಗಳು ಇದೆ. ಆಗ ನಾವು ಮನೆಯಿಂದ ಹೊರಗಿರಬೇಕು, ಅಷ್ಟೇ.

ಬೆಳಗಿನ ಜಾವದಿಂದ ಶುರು ಮಾಡಿ. ಬೆಳಕು ಹರಿಯುವ ಮುಂಚೆಯೇ ಕೂಕಬುರಾ ಹಕ್ಕಿ ಗಹಗಹಿಸಿ ನಗುತ್ತದೆ. ಆಮೇಲೆ ಕಪ್ಪು ಬಿಳುಪು ಮ್ಯಾಗ್‌ಪೈಗಳ ಹಾಡು. ಕಾಫಿ ಹಿಡಿದು ಹಿತ್ತಲಿನಲ್ಲಿ ಕೂತು ಕೇಳಿ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಸ್ವಲ್ಪ ಹುಷಾರು. ಗೂಡಿನಲ್ಲಿ ಮರಿ ಇದ್ದಾಗ ಕೆಲವು ಗಂಡು ಮ್ಯಾಗ್‌ಪೈಗಳು ದಾರಿಹೋಕರ ತಲೆಗೆ ಎರಗುತ್ತವೆ. ಕಲ್ಲು ಎತ್ತಬೇಡಿ, ಅವು ಮನುಷ್ಯರ ಮುಖ ನೆನಪಿಟ್ಟುಕೊಳ್ಳುತ್ತವೆ. ಸೈಕಲ್ ಇಳಿದು ನಡೆಯಿರಿ, ಕೆಲವು ವಾರ ಬೇರೆ ದಾರಿ ಹಿಡಿಯಿರಿ.

ಊರಿನ ಅಂಚಿನಲ್ಲೇ ಕಾಡು ಶುರು. ಇದು ಇಲ್ಲಿನ ಮೂಲನಿವಾಸಿಗಳಾದ ಜಾ ಜಾ ವುರಂಗ್ ಜನರ ನೆಲ. ಮಲೆನಾಡು ಕಂಡವರಿಗೆ ಈ ಕಾಡು ಮೊದಮೊದಲು ಬಡಕಲು ಅನ್ನಿಸುತ್ತದೆ. ಮಳೆ ಕಡಿಮೆ, ಮಣ್ಣೂ ತೆಳು. ಸಾಲದ್ದಕ್ಕೆ 1851ರಲ್ಲಿ ಚಿನ್ನ ಸಿಕ್ಕ ಮೇಲೆ ಗಣಿಗಳಿಗಾಗಿ ದೊಡ್ಡ ಮರಗಳನ್ನು ಕಡಿದರು. ಈಗಿರುವುದು ಹೆಚ್ಚಾಗಿ ಮತ್ತೆ ಚಿಗುರಿದ ಕಾಡು. ಒಂದೇ ಬುಡದಿಂದ ಎರಡು ಮೂರು ಕಾಂಡ ಎದ್ದಿರುವುದು ಅದಕ್ಕೇ. ಐರನ್‌ಬಾರ್ಕ್ ಮರದ ಕಪ್ಪು, ಒರಟು ತೊಗಟೆಯನ್ನು ಒಮ್ಮೆ ಮುಟ್ಟಿ ನೋಡಿ. ಚಳಿಗಾಲದಲ್ಲಿ ಅದು ಹೂ ಬಿಡುತ್ತದೆ. ಆ ಮಕರಂದ ಹುಡುಕಿಕೊಂಡು ಸ್ವಿಫ್ಟ್ ಪ್ಯಾರಟ್ ಎಂಬ ಹಸಿರು ಗಿಳಿ ಟಾಸ್ಮೇನಿಯಾದಿಂದ ಸಮುದ್ರ ದಾಟಿ ಬರುತ್ತದೆ. ಅಳಿವಿನಂಚಿನಲ್ಲಿರುವ ಹಕ್ಕಿ, ಕಂಡರೆ ನಿಮ್ಮ ಅದೃಷ್ಟ. ಆಗಸ್ಟ್ ಬಂತೆಂದರೆ ವಾಟಲ್ ಗಿಡಗಳು ಅರಳಿ ಕಾಡೆಲ್ಲ ಹಳದಿ. ನಮ್ಮ ಜಾಲಿಗೆ ಹತ್ತಿರದ ಸಂಬಂಧಿ, ಗುಂಡು ಗುಂಡು ಹೂ ನೋಡಿದರೆ ಗೊತ್ತಾಗುತ್ತದೆ.

ಮಾರ್ಚ್, ಏಪ್ರಿಲ್‌ನಲ್ಲಿ ಹಾರ್ಕೋರ್ಟ್‌ಗೆ ಹೋಗಿ. ಸೇಬಿನ ತೋಟಗಳ ಊರು, ಕಾರಿನಲ್ಲಿ ಅರ್ಧ ಗಂಟೆ. ಹಸಿರು ಗ್ರ್ಯಾನಿ ಸ್ಮಿತ್ ಜಾಸ್ತಿ ತನ್ನಿ. ಅದನ್ನು ತುರಿದು ಚಿತ್ರಾನ್ನ ಮಾಡಿದರೆ ಮಾವಿನಕಾಯಿ ಇಲ್ಲದ ಕೊರಗು ಅರ್ಧ ಕಳೆಯುತ್ತದೆ. ಉಪ್ಪಿನಕಾಯಿಗೂ ಚೆನ್ನ. ಹಳ್ಳಿ ರಸ್ತೆಗಳಲ್ಲಿ ಗೇಟಿನ ಪಕ್ಕ ಮೊಟ್ಟೆ, ನಿಂಬೆಹಣ್ಣು, ಗೊಬ್ಬರದ ಚೀಲ ಇಟ್ಟಿರುತ್ತಾರೆ. ಕಾಯುವವರು ಇರುವುದಿಲ್ಲ, ಒಂದು ಡಬ್ಬಿ ಇರುತ್ತದೆ. ಬೆಲೆ ನೋಡಿ ದುಡ್ಡು ಹಾಕಿ ತೆಗೆದುಕೊಳ್ಳಿ. ಈ ನಂಬಿಕೆ ನನಗೆ ಬಹಳ ಇಷ್ಟ. ಚಿಲ್ಲರೆ ಕಾರಿನಲ್ಲೇ ಇಟ್ಟುಕೊಂಡಿರಿ. ಅಣಬೆ ಮಾತ್ರ ಕೀಳಲೇಬೇಡಿ, ಊರಿನಲ್ಲಿ ಎಷ್ಟೇ ಕಿತ್ತು ತಿಂದಿದ್ದರೂ. ಇಲ್ಲಿನ ಡೆತ್ ಕ್ಯಾಪ್ ಎಂಬ ವಿಷದ ಅಣಬೆ ನೋಡಲು ಸಾಧುವಾಗಿರುತ್ತದೆ. ಬೇಯಿಸಿದರೂ ಅದರ ವಿಷ ಹೋಗುವುದಿಲ್ಲ.

ಜೂನ್, ಜುಲೈ ರಾತ್ರಿ ಚಳಿ ಅಂತ ಒಳಗೆ ಕೂರಬೇಡಿ. ಊರ ದೀಪ ಬಿಟ್ಟು ಸ್ವಲ್ಪ ದೂರ ಹೋದರೆ ಆಕಾಶಗಂಗೆ ನೆತ್ತಿಯ ಮೇಲೇ ಹರಡಿರುತ್ತದೆ. ಕರ್ನಾಟಕದಲ್ಲಿ ಬೇಸಿಗೆಯಲ್ಲಿ ದಕ್ಷಿಣದ ಅಂಚಿನಲ್ಲಿ ಕಾಣುವ ತ್ರಿಶಂಕು ನಕ್ಷತ್ರಪುಂಜ ಇಲ್ಲಿ ಮುಳುಗುವುದೇ ಇಲ್ಲ. ಹೋಗುವಾಗ ಒಂದು ಎಚ್ಚರ. ಸಂಜೆ ಕತ್ತಲಾಗುವಾಗ ಮತ್ತು ನಸುಕಿನಲ್ಲಿ ಕಾಂಗರೂಗಳು ರಸ್ತೆಗೆ ಬರುತ್ತವೆ. ನಿಧಾನವಾಗಿ ಓಡಿಸಿ. ಅಡ್ಡ ಬಂದರೆ ಸ್ಟೀರಿಂಗ್ ತಿರುಗಿಸದೆ ನೇರವಾಗಿ ಬ್ರೇಕ್ ಹಾಕಿ. ಪಕ್ಕಕ್ಕೆ ಎಳೆದು ಮರಕ್ಕೆ ಗುದ್ದುವುದೇ ಹೆಚ್ಚು ಅಪಾಯ.

ಬೇಸಿಗೆ ಎಂದರೆ ಡಿಸೆಂಬರ್‌ನಿಂದ ಫೆಬ್ರವರಿ. ಆಗ ಕಾಡಿಗೆ ಹೊರಡುವ ಮುಂಚೆ ಬೆಂಕಿಯ ಎಚ್ಚರಿಕೆ ಕೊಡುವ ವಿಕ್‌ಎಮರ್ಜೆನ್ಸಿ ಆ್ಯಪ್ ನೋಡುವುದು ಕಡ್ಡಾಯ ಅಂದುಕೊಳ್ಳಿ. 2009ರ ಫೆಬ್ರವರಿ 7ರ ಕಾಳ್ಗಿಚ್ಚುಗಳಲ್ಲಿ ಈ ರಾಜ್ಯದಲ್ಲಿ 173 ಜನ ಸತ್ತರು. ಬೆಂಡಿಗೋದ ಅಂಚಿನ ಮನೆಗಳೂ ಅವತ್ತು ಉರಿದವು. ಟೋಟಲ್ ಫೈರ್ ಬ್ಯಾನ್ (ಬೆಂಕಿ ಹಚ್ಚಲು ನಿಷೇಧ) ಇದ್ದ ದಿನ ಹೊರಗೆ ಕಟ್ಟಿಗೆ ಒಲೆ ಹಚ್ಚುವಂತಿಲ್ಲ. ಬಿಸಿಲಿನ ದಿನಗಳಲ್ಲಿ ಹಾವುಗಳೂ ಓಡಾಡುತ್ತವೆ. ಬೂಟು ಹಾಕಿ, ಕಾಲುದಾರಿ ಬಿಡಬೇಡಿ. ಕಚ್ಚಿದರೆ ಗಾಯ ತೊಳೆಯಬೇಡಿ. ಇಡೀ ಕೈಗೆ ಅಥವಾ ಕಾಲಿಗೆ ಬಿಗಿಯಾಗಿ ಬ್ಯಾಂಡೇಜ್ ಸುತ್ತಿ, ಅಲುಗಾಡದೆ ತುರ್ತು ಸಂಖ್ಯೆ 000ಗೆ ಫೋನ್ ಮಾಡಿ.

ಒಬ್ಬರೇ ಹೋಗಲು ಹಿಂಜರಿಕೆಯೇ? ಬೆಂಡಿಗೋ ಫೀಲ್ಡ್ ನ್ಯಾಚುರಲಿಸ್ಟ್ಸ್ ಕ್ಲಬ್‌ನವರು ಕಾಡು ಸುತ್ತಲು ಹೋಗುತ್ತಾರೆ. ಹೂ, ಹಕ್ಕಿ, ಮರ ಎಲ್ಲ ಬಲ್ಲ ಹಿರಿಯರು ಅಲ್ಲಿದ್ದಾರೆ. ನಿಮಗೇನೂ ಗೊತ್ತಿಲ್ಲ ಅಂತ ಸಂಕೋಚ ಬೇಡ, ಕೇಳಿದರೆ ಅವರಿಗೂ ಖುಷಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಟೋಪಿ, ನೀರು ತೆಗೆದುಕೊಳ್ಳಿ, ಜೊತೆಗೆ ಒಂದು ಡಬ್ಬಿ ಚಕ್ಕುಲಿ ಇರಲಿ, ಎಲ್ಲರಿಗೂ ಆಗುತ್ತದೆ.