ಬಾಸೆಲ್ ಮಿಷನ್ ಕಾಲದ ಕಲ್ಲಿನ ಮನೆಗೆ ಮತ್ತೆ ಗಚ್ಚು ತುಂಬುವ ಕ್ರಮ

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದಿಳಿದು, 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, ಅನಂತರ ಬೆಟಗೇರಿಯಲ್ಲಿ ನೆಲೆಯೂರಿದರು. ಆ ಪಾದ್ರಿಗಳ ಕುಟುಂಬಗಳು ಬಾಳಿದಂಥ ಕಲ್ಲಿನ ಮನೆಯೊಂದು ನಿಮ್ಮ ಪಾಲಿಗೆ ಬಂದಿದ್ದು, ಅದರ ಕಲ್ಲುಗಳ ನಡುವಿನ ಸಂದುಗಳಲ್ಲಿರುವ ಗಚ್ಚು, ಅಂದರೆ ಸುಣ್ಣದ ಗಾರೆ, ಉದುರುತ್ತಿದ್ದರೆ, ಆ ಸಂದುಗಳಿಗೆ ಸಿಮೆಂಟ್ ತುಂಬಬೇಡಿ. ಗೋಡೆ ಹೀರಿದ ತೇವವು ಸುಣ್ಣದ ಸಂದಿನ ಮೂಲಕ ಹೊರಗೆ ಆರಿಹೋಗುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚಿದಾಗ ನೀರು ಕಲ್ಲಿನ ಮೂಲಕವೇ ಹೊರಬರಬೇಕಾಗುತ್ತದೆ, ಅದರೊಡನೆ ಬಂದ ಲವಣವು ಹರಳುಗಟ್ಟಿ ಕಲ್ಲಿನ ಮೈಯನ್ನು ಪದರಪದರವಾಗಿ ಎಬ್ಬಿಸುತ್ತದೆ. ನೂರು ವರ್ಷ ಮೀರಿ ಬಾಳಿದ ಕಲ್ಲು ನಮ್ಮ ಅವಸರದ ರಿಪೇರಿಯಿಂದ ಹಾಳಾಗುವುದನ್ನು ಕಂಡರೆ ಸಂಕಟವಾಗುತ್ತದೆ.

ಗೌಂಡಿಯನ್ನು ಕರೆಯುವ ಮೊದಲು ಒಡೆದ ಹಂಚುಗಳನ್ನು ಬದಲಾಯಿಸಿ, ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಮಾಡಿ. ಸಂದಿನಲ್ಲಿ ಬೇರೂರಿದ ಅರಳಿ ಗಿಡವನ್ನು ಜಗ್ಗಿ ಕೀಳಬೇಡಿ, ಕಲ್ಲೇ ಸಡಿಲಾಗುತ್ತದೆ. ಬುಡಕ್ಕೆ ಕತ್ತರಿಸಿ, ಬೇರು ಸತ್ತ ಬಳಿಕ ಬಿಡಿಸಿ.

ಸುಣ್ಣ ಅರಳಿಸುವುದೇ ಈ ಕೆಲಸದ ಜೀವಾಳ. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು, ಸುಣ್ಣದ ರಾಶಿಯ ಮೇಲೆ ನೀರು ಸುರಿಯಬಾರದು. ಅದು ಕೊತಕೊತನೆ ಕುದಿದು ಸಿಡಿಯುವುದರಿಂದ ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇರಲೇಬೇಕು. ಮಕ್ಕಳನ್ನು ಹತ್ತಿರ ಬಿಡಬಾರದು. ಅರಳಿದ ಸುಣ್ಣವನ್ನು ಸೋಸಿ, ಮೇಲೆ ಸದಾ ನೀರು ನಿಂತಿರುವಂತೆ ಕನಿಷ್ಠ ಎರಡು ವಾರ, ಸಾಧ್ಯವಾದರೆ ಮೂರು ತಿಂಗಳು ಇಡಿ. ಅರಳದೆ ಉಳಿದ ಕಣಗಳು ಗೋಡೆಯೊಳಗೆ ಸೇರಿ ಅರಳತೊಡಗಿದರೆ ಗಚ್ಚು ಪುಟಿದೇಳುತ್ತದೆ. ಆದ್ದರಿಂದಲೇ ಈ ತಾಳ್ಮೆ. ಬಳಿಕ ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ತೊಳೆದ ಉಸುಕು, ಒಂದು ಪಾಲು ಇಟ್ಟಿಗೆಯ ಪುಡಿ ಸೇರಿಸಿ, ಹೆಚ್ಚು ನೀರು ಬೆರೆಸದೆ ಚೆನ್ನಾಗಿ ಕುಟ್ಟಿ ಹದಗೊಳಿಸಿ.

ಹಳೆಯ ಗಚ್ಚನ್ನು ಉಳಿ, ಸುತ್ತಿಗೆಗಳಿಂದಲೇ ಬಿಡಿಸಿ. ಗ್ರೈಂಡರ್ ಜಾರಿದರೆ ಕಲ್ಲಿನ ಅಂಚು ಹೋಯಿತು. ಸಂದಿನ ಅಗಲಕ್ಕಿಂತ ಎರಡು ಪಟ್ಟು ಆಳ ಸಾಕು, ಗಟ್ಟಿಯಾಗಿರುವುದನ್ನು ಮುಟ್ಟಬೇಕಿಲ್ಲ. ಹಿಂದೆ ಯಾರೋ ಮೆತ್ತಿದ ಸಿಮೆಂಟ್ ಕಲ್ಲನ್ನು ಬಿಗಿಯಾಗಿ ಹಿಡಿದಿದ್ದರೆ, ಅದು ತಾನಾಗಿ ಸಡಿಲವಾಗುವವರೆಗೆ ಹಾಗೆಯೇ ಬಿಡುವುದು ಮೇಲು. ಸಂದನ್ನು ನೀರಿನಿಂದ ತೊಯ್ಯಿಸಿ, ಗಚ್ಚನ್ನು ಪದರಪದರವಾಗಿ ಒತ್ತಿ ತುಂಬಿ, ಕಲ್ಲಿನ ಅಂಚಿಗಿಂತ ತುಸು ಒಳಗೇ ನಿಲ್ಲಿಸಿ.

ನಮ್ಮ ಭಾಗದಲ್ಲಿ ಹಿಂಗಾರು ಮಳೆ ನಿಂತ ಮೇಲೆ, ನವೆಂಬರ್‌ನಿಂದ ಫೆಬ್ರುವರಿಯೊಳಗೆ ಈ ಕೆಲಸ ಮುಗಿಸುವುದು ಒಳ್ಳೆಯದು, ಏಕೆಂದರೆ ಬೇಸಿಗೆಯ ಬಿಸಿಲಿಗೆ ಗಚ್ಚು ಬೇಗ ಒಣಗಿ ಬಿರಿಯುತ್ತದೆ. ತುಂಬಿದ ಗೋಡೆಗೆ ಗೋಣಿತಟ್ಟು ಇಳಿಬಿಟ್ಟು ಒಂದು ವಾರವಾದರೂ ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ. ಒಳಗೋಡೆಗೆ ಬಣ್ಣ ಬೇಕೆನಿಸಿದರೆ ಎಣ್ಣೆ ಬಣ್ಣದ ಬದಲು ಸುಣ್ಣವನ್ನೇ ಬಳಿಯಿರಿ.